ಹುಟ್ಟುವಾಗ ತಿಳಿಸದೇ ಹೋದ ಒಂದು ಕವಾಟದ ಕುರಿತು

ಇವರಿಗೆ,
ಆಡಳಿತ ನಿರ್ದೇಶಕರು,
ನಮ್ಮ ಕುಟುಂಬದ ಆರೋಗ್ಯ ವಿಮಾ ಕಂಪನಿ,
ಗಾಜಿನ ಕಟ್ಟಡ, ಎಲ್ಲಕ್ಕಿಂತ ಮೇಲಿನ ಮಹಡಿ.

ಮಾನ್ಯರೇ,

ಮೊಟ್ಟಮೊದಲಿಗೆ ತಮಗೂ, ತಮ್ಮ ನಿರ್ದೇಶಕ ಮಂಡಳಿಗೂ, ಕಳೆದ ವಾರ ಪತ್ರಿಕೆಯಲ್ಲಿ ಅರ್ಧ ಪುಟ ಆಕ್ರಮಿಸಿಕೊಂಡು ಪ್ರಕಟವಾದ ತಮ್ಮ ವಾರ್ಷಿಕ ಲಾಭಕ್ಕೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಕಂಪನಿಯ ಚರಿತ್ರೆಯಲ್ಲೇ ಇಂಥ ವರ್ಷ ಬಂದಿರಲಿಲ್ಲವೆಂದು ಓದಿ ಮನಸ್ಸು ತುಂಬಿ ಬಂತು. ಕಂತು ಕಟ್ಟುವ ನಾವು ಆಗಾಗ ಕೆಮ್ಮುತ್ತ, ಕುಂಟುತ್ತ, ಮಾತ್ರೆ ನುಂಗುತ್ತ ಇದ್ದರೂ, ಕಂತು ತೆಗೆದುಕೊಳ್ಳುವ ತಾವಾದರೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದೀರಿ ಎನ್ನುವುದು ಸಾಮಾನ್ಯ ಸಮಾಧಾನವಲ್ಲ. ಮನೆಯಲ್ಲಿ ಒಬ್ಬರಿಗಾದರೂ ಮೈಯಲ್ಲಿ ಹುಷಾರಿದ್ದರೆ ಉಳಿದವರಿಗೆ ಅದೇ ಒಂದು ಧೈರ್ಯ.

ನನ್ನ ಮುಖ ತಮಗೆ ಪರಿಚಯವಿದೆಯೆಂದು ಭಾವಿಸಿದ್ದೇನೆ. ತಮ್ಮ ವಾರ್ಷಿಕ ವರದಿಯ ರಕ್ಷಾಪುಟ ತೆರೆದ ಕೂಡಲೇ ಮೈಕಿನ ಮುಂದೆ ಕನ್ನಡಕ ಹಾಕಿಕೊಂಡು ಕಾಗದ ಹಿಡಿದು ನಿಂತಿರುವ ಹೆಂಗಸು ನಾನೇ. ಅದರ ಕೆಳಗೆ, "ನಮ್ಮ ಕುಟುಂಬ ಎಂದೂ ಆಸ್ಪತ್ರೆಯ ಖರ್ಚಿನ ಬಗ್ಗೆ ಚಿಂತಿಸಿದ್ದಿಲ್ಲ: ಒಬ್ಬ ಸಂತೃಪ್ತ ಗ್ರಾಹಕಿ" ಎಂದು ತಾವು ಅಚ್ಚು ಹಾಕಿಸಿದ್ದೀರಿ. ಸಂತೃಪ್ತಳೆಂದು ಕರೆದದ್ದಕ್ಕೆ ಕೃತಜ್ಞಳು. ಇಷ್ಟು ವರ್ಷ ಸಂಸಾರ ಮಾಡಿದರೂ ಹಾಗೆಂದು ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಆ ವಾಕ್ಯವನ್ನು ನಾನು ಪೂರ್ತಿ ಓದಿ ಮುಗಿಸಿರಲಿಲ್ಲ ಎಂಬ ಸಣ್ಣ ತಿದ್ದುಪಡಿ ನನ್ನ ಕಡೆಯಿಂದ ಇದೆ. ಏಕೆ ಮುಗಿಸಲಿಲ್ಲವೆಂದು ತಿಳಿಸುವುದು ಗ್ರಾಹಕಿಯಾಗಿ ನನ್ನ ಕರ್ತವ್ಯವಾದ್ದರಿಂದ ಈ ಪತ್ರ. ತಮ್ಮ ಕಚೇರಿಗೆ ಬರೆದ ಪತ್ರಗಳು ಹಾದಿಯಲ್ಲಿ ದಣಿದು ಎಲ್ಲೋ ಕುಳಿತುಬಿಡುವ ವಾಡಿಕೆಯಿರುವುದರಿಂದ, ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅನ್ಯಥಾ ಭಾವಿಸಬಾರದು.

ನಾನು ಬಸ್ ನಿಲ್ದಾಣದ ಎದುರಿಗೆ ಒಂದು ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತೇನೆ. ಮುಂದುಗಡೆ ಒಂದು ಕೌಂಟರ್, ಹಿಂದುಗಡೆ ಹಬೆಯ ಇಸ್ತ್ರಿ ಮೇಜು, ತಲೆಯ ಮೇಲೆ ಸರಳಿಗೆ ನೇತುಹಾಕಿದ ಬೇರೆಯವರ ಕೋಟುಗಳು. ಮದುವೆಯ ಸೂಟು, ವಕೀಲರ ಕರಿ ಕೋಟು, ಒಮ್ಮೊಮ್ಮೆ ತಮ್ಮಂಥವರ ಬೆಲೆಬಾಳುವ ಉಡುಪೂ ನನ್ನ ಕೈ ಹಾದು ಹೋಗುತ್ತದೆ. ಆರೋಗ್ಯ ವಿಮಾ ಸುಧಾರಣಾ ಮಸೂದೆಯನ್ನು ವಿರೋಧಿಸಿ ತಾವು ಬರೆದ ಲೇಖನದಲ್ಲಿ "ಲಾಭವನ್ನು ಕಲೆಯೆಂಬಂತೆ ನೋಡುವ ಮನೋಭಾವ ಹೋಗಬೇಕು" ಎಂಬ ಮಾತಿತ್ತು. ಕಲೆ ನೋಡಿಯೇ ಹೊಟ್ಟೆ ಹೊರೆಯುವವಳಾಗಿ ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ನಾನೂ ಲಾಭಕ್ಕೇ ಬಾಗಿಲು ತೆರೆದು ಕೂತವಳು, ಪುಣ್ಯಕ್ಕಲ್ಲ. ನನ್ನದೊಂದೇ ಕೊರತೆಯೆಂದರೆ, ಕೋಟು ಒಗೆಯಲು ದುಡ್ಡು ತೆಗೆದುಕೊಂಡ ಮೇಲೆ ಕೋಟು ಒಗೆಯಬೇಕಾಗುತ್ತದೆ. ಒಗೆಯದೇ ಇದ್ದರೆ ಲಾಭ ಇನ್ನೂ ಹೆಚ್ಚುತ್ತದೆಂಬುದು ತಮ್ಮ ಲೇಖನ ಓದುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಮಸೂದೆಯಲ್ಲಿ ಏನಿದೆಯೆಂದು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಬೇಕು. ಕಂತಿನ ಹಣದಲ್ಲಿ ಬಹುಪಾಲನ್ನು ಚಿಕಿತ್ಸೆಗೇ ಖರ್ಚು ಮಾಡತಕ್ಕದ್ದು ಎಂಬುದು ಒಂದು. ಹಲವು ವರ್ಷ ಕಂತು ಕಟ್ಟಿಸಿಕೊಂಡ ಮೇಲೆ, ಈ ಕಾಯಿಲೆ ಮುಂಚೆಯೇ ಇತ್ತು ಎಂದು ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಇನ್ನೊಂದು. ಇವೆರಡು ಬಂದರೆ ವಿಮಾ ಉದ್ಯಮವೇ ಹಾಸಿಗೆ ಹಿಡಿಯುತ್ತದೆ, ಗ್ರಾಹಕರ ಆಯ್ಕೆಯ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂದು ತಾವು ಎಚ್ಚರಿಸಿದ್ದೀರಿ. ಆ ಸ್ವಾತಂತ್ರ್ಯವನ್ನು ನಾವು ಹೇಗೆ ಅನುಭವಿಸಿದೆವೆಂಬುದೇ ಮುಂದಿನ ವಿಷಯ.

ನಮ್ಮ ಯಜಮಾನರು ನಗರ ಸಾರಿಗೆ ಬಸ್ಸಿನ ಚಾಲಕರು. ಮಗಳು ಮೊದಲ ತರಗತಿಗೆ ಸೇರಿದ ವರ್ಷ ಅವರು ಮನೆಮಂದಿಗೆಲ್ಲ ತಮ್ಮ ಕಂಪನಿಯ ಪಾಲಿಸಿ ಮಾಡಿಸಿದರು. ಈಗ ಆ ಮಗಳು ಮದುವೆಯಾಗಿ ಬೇರೆ ಊರಿನಲ್ಲಿ ಸಂಸಾರ ಹೂಡಿದ್ದಾಳೆ. ಅಷ್ಟೂ ವರ್ಷ ಒಂದು ಕಂತೂ ತಪ್ಪಿಲ್ಲ. ಮಧ್ಯೆ ಮಗಳ ಕೈ ಮುರಿದಾಗ, ನನಗೆ ವಿಷಮಶೀತ ಬಂದು ಮಲಗಿದಾಗ ಪರಿಹಾರ ಕೇಳಿದ್ದುಂಟು. ಕೈ ಮುರಿದದ್ದು ಆಟದ ಮೈದಾನದಲ್ಲಾದ್ದರಿಂದ ಅದು ಕ್ರೀಡಾ ಸಾಹಸವೆಂದೂ, ನನ್ನ ಜ್ವರಕ್ಕೆ ಮನೆಯಲ್ಲೇ ಔಷಧಿ ಸಾಕಾಗಿತ್ತೆಂದೂ ತಮ್ಮವರು ವಿನಯದಿಂದ ತಿಳಿಸಿದರು. ನಾವು ಹೊಟ್ಟೆಗೆ ಹಾಕಿಕೊಂಡೆವು. ದೊಡ್ಡದೇನಾದರೂ ಬಂದಾಗ ಇವರು ಕೈ ಬಿಡುವುದಿಲ್ಲ ಎಂದು ಯಜಮಾನರೇ ನನ್ನನ್ನು ಸಮಾಧಾನ ಮಾಡಿದ್ದರು. ತಮ್ಮ ಪರವಾಗಿ ಇಷ್ಟು ಚೆನ್ನಾಗಿ ವಾದಿಸಿದವರು ತಮ್ಮ ಜಾಹೀರಾತು ವಿಭಾಗದಲ್ಲೂ ಇರಲಿಕ್ಕಿಲ್ಲ.

ದೊಡ್ಡದು ಬಂದೇ ಬಂತು. ಡಿಪೋದಲ್ಲಿ ಬಸ್ಸಿನ ಹಿಂದಿನಿಂದ ಮುಂದಿನವರೆಗೆ ನಡೆದರೆ ಅವರಿಗೆ ಏದುಸಿರು. ಒಂದು ಸಲ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ನಿಂತರಂತೆ. ಹೃದಯದ ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತ ಹೊರಹೋಗುವ ದಾರಿಯ ಕವಾಟಕ್ಕೆ ಮೂರು ಎಸಳಿರಬೇಕಾದ ಕಡೆ ಇವರಿಗೆ ಎರಡೇ ಇವೆ, ಇಷ್ಟು ವರ್ಷ ದುಡಿದು ಈಗ ಕಲ್ಲಿನಂತೆ ಗಟ್ಟಿಯಾಗಿವೆ, ತೆಗೆದು ಹೊಸದು ಹಾಕಬೇಕು ಎಂದರು. ತಡ ಮಾಡಬೇಡಿ ಎಂದೂ ಸೇರಿಸಿದರು. ಡಿಪೋದವರು ಅಂದೇ ಅವರನ್ನು ಸ್ಟೀರಿಂಗಿನಿಂದ ಇಳಿಸಿ ರಜೆಯ ಮೇಲೆ ಮನೆಗೆ ಕಳಿಸಿದರು. ನಾವು ತಮ್ಮ ಅನುಮತಿಗೆ ಬರೆದೆವು.

ತಮ್ಮ ವೈದ್ಯಕೀಯ ಸಲಹೆಗಾರರು ನಮ್ಮ ಯಜಮಾನರನ್ನು ಒಮ್ಮೆಯೂ ನೋಡದೆಯೇ ಅವರ ಹೃದಯದ ಒಳಗನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಅರ್ಥ ಮಾಡಿಕೊಂಡ ರೀತಿ ಮೆಚ್ಚುವಂಥದ್ದು. ಕವಾಟದಲ್ಲಿ ಎರಡೇ ಎಸಳಿರುವುದು ಹುಟ್ಟಿನಿಂದ ಬಂದದ್ದು, ಹುಟ್ಟಿನಿಂದ ಬಂದದ್ದು ಪಾಲಿಸಿಗಿಂತ ಮುಂಚಿನದು, ಮುಂಚಿನದನ್ನು ಅರ್ಜಿಯಲ್ಲಿ ತಿಳಿಸಿಲ್ಲ, ಆದ್ದರಿಂದ ಪರಿಹಾರವಿಲ್ಲ. ಇದನ್ನು ನಾನು ನಮ್ಮ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ, ಬುದ್ಧಿಯಲ್ಲ. ಎರಡು ಸಲ ಓದಿಸಿಕೊಂಡು, "ಹೆತ್ತವಳು ನಾನು. ನನಗೇ ಗೊತ್ತಿರಲಿಲ್ಲ. ಇವನು ಹುಟ್ಟುವಾಗ ಇವರೇನು ಬಾಗಿಲಲ್ಲಿ ನಿಂತಿದ್ರಾ?" ಎಂದರು. ಆ ಪ್ರಶ್ನೆಯನ್ನು ತಮ್ಮ ಉತ್ತರಕ್ಕಾಗಿ ಹಾಗೇ ರವಾನಿಸುತ್ತಿದ್ದೇನೆ.

ಮಾನ್ಯರೇ, ಈ ವಿಷಯದಲ್ಲಿ ತಾವೂ ನಾನೂ ಒಂದೇ ಕಸುಬಿನವರೆಂದು ಹೇಳಿದರೆ ಅಧಿಕಪ್ರಸಂಗವಾಗಲಾರದು. ನನ್ನ ಅಂಗಡಿಯಲ್ಲೂ ಬಟ್ಟೆಗೆ ಚೀಟಿ ಪಿನ್ನು ಮಾಡುವಾಗ "ಮುಂಚಿನ ಕಲೆ" ಎಂದು ಬರೆಯುವ ಪದ್ಧತಿ ಇದೆ. ಗಿರಾಕಿ ಎದುರಿಗೇ ಕೋಟನ್ನು ಬೆಳಕಿಗೆ ಹಿಡಿದು, ಕಾಲರು, ಕಂಕುಳು, ಜೇಬಿನ ಬಾಯಿ ಎಲ್ಲ ತಿರುವಿ ನೋಡಿ ಬರೆಯುತ್ತೇನೆ. ವ್ಯತ್ಯಾಸ ಎಳ್ಳಷ್ಟು: ನಾನು ಬಟ್ಟೆ ತೆಗೆದುಕೊಳ್ಳುವಾಗ ನೋಡುತ್ತೇನೆ, ತಾವು ವಾಪಸು ಕೊಡುವಾಗ ನೋಡುತ್ತೀರಿ.

ನಾವು ಮೇಲ್ಮನವಿ ಹಾಕಿದೆವು. ಅದು ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಸುಸ್ತಾಗದಂತೆ ಕುಳಿತೇ ಇರಬೇಕೆಂದು ಯಜಮಾನರಿಗೆ ಡಾಕ್ಟರಮ್ಮ ಹೇಳಿದ್ದರಿಂದ, ಅವರನ್ನು ಅಂಗಡಿಗೆ ಕರೆತಂದು ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಎದುರಿಗೆ ನಿಲ್ದಾಣ, ತಾವು ಓಡಿಸುತ್ತಿದ್ದ ಬಸ್ಸನ್ನು ಬೇರೆಯವರು ತಿರುಗಿಸುವುದನ್ನು ನೋಡಿ, ಅಯ್ಯೋ ಅಷ್ಟು ಅಗಲಕ್ಕೆ ತಗೋಬಾರದು ಎಂದು ತಮ್ಮಷ್ಟಕ್ಕೆ ಗೊಣಗುವರು. ಇಸ್ತ್ರಿ ಪೆಟ್ಟಿಗೆ ಎತ್ತಿಕೊಡಲು ಬಂದರೆ ನಾನು ಗದರುವೆ. ಶಸ್ತ್ರಚಿಕಿತ್ಸೆಗೆ ನಾವೇ ಹಣ ಹೊಂದಿಸಬೇಕೆಂದರೆ ಅಂಗಡಿಯನ್ನು ಯಂತ್ರಗಳ ಸಮೇತ ಮಾರಬೇಕಿತ್ತು. ಮಾರಿದರೆ ಆಮೇಲೆ ತಿನ್ನುವುದೇನೆಂದು ಅವರು, ಮಾರದಿದ್ದರೆ ತಿನ್ನುವುದಕ್ಕೆ ಇರುವವರು ಯಾರೆಂದು ನಾನು, ಇಬ್ಬರೂ ದಿನಾ ಜಗಳ ಆಡುತ್ತಿದ್ದೆವು. ಜಗಳ ಆಡುವಾಗ ಅವರಿಗೆ ಉಸಿರು ಸಾಲದೆ ಬರುತ್ತಿದ್ದುದರಿಂದ ಗೆಲುವು ನನ್ನದೇ ಆಗುತ್ತಿತ್ತು, ಆಮೇಲೆ ಹಿಂದುಗಡೆ ಹೋಗಿ ಹಬೆಯಲ್ಲಿ ಮುಖ ಮರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ತಮ್ಮ ಸಂಪರ್ಕಾಧಿಕಾರಿ ಹೂಗುಚ್ಛ ಹಿಡಿದು ಅಂಗಡಿಗೆ ಬಂದರು. ಚಿಕ್ಕ ವಯಸ್ಸಿನವರು, ಸೌಮ್ಯ ಸ್ವಭಾವ, ಕೋಟಿನ ತೋಳು ಅವರ ಕೈಗಿಂತ ತುಸು ಉದ್ದ. ನಮ್ಮ ಮೇಲ್ಮನವಿಗೆ ಹೂವಿನಿಂದ ಉತ್ತರ ಬಂತೆಂದು ನಾನು ಭಾವಿಸಿದೆ. ಅವರಿಗೆ ಮೇಲ್ಮನವಿಯ ಸುದ್ದಿಯೇ ಗೊತ್ತಿರಲಿಲ್ಲ. ಇಷ್ಟು ವರ್ಷ ತಪ್ಪದೆ ಕಂತು ಕಟ್ಟಿ ಒಂದು ಸಲವೂ ಪರಿಹಾರ ಪಡೆಯದ ಆರೋಗ್ಯವಂತ ಕುಟುಂಬಗಳನ್ನು ಕಂಪ್ಯೂಟರ್ ಹುಡುಕಿತಂತೆ, ಅದರಲ್ಲಿ ನಮ್ಮದೇ ಮೊದಲು ಬಂತಂತೆ. ನಾವು ಕೇಳಿದ್ದು ಕಂಪ್ಯೂಟರಿಗೆ ಲೆಕ್ಕವಿಲ್ಲ, ತಾವು ಕೊಟ್ಟಿದ್ದಷ್ಟೇ ಲೆಕ್ಕ. ಮಸೂದೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಸದನದ ಸಮಿತಿ ಸಭೆ ಕರೆದಿದೆ, ಅಲ್ಲಿ ಸಂತೃಪ್ತ ಗ್ರಾಹಕಿಯಾಗಿ ನಾನು ನಾಲ್ಕು ಮಾತು ಆಡಬೇಕು, ಭಾಷಣ ಕಂಪನಿಯೇ ಬರೆದು ಕೊಡುತ್ತದೆ ಎಂದರು.

ಕುರ್ಚಿಯಲ್ಲಿ ಕುಳಿತಿದ್ದ ಯಜಮಾನರನ್ನು ತೋರಿಸಿ, ನೀವು ಹೇಳುವ ಆರೋಗ್ಯವಂತ ಕುಟುಂಬದ ಅರ್ಧಭಾಗ ಇದು ಎಂದು ಪರಿಚಯ ಮಾಡಿಕೊಟ್ಟೆ. ಎಲ್ಲ ಹೇಳಿದೆ. ಅವರು ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು: "ನಾನು ಮಾತು ಕೊಡೋಕಾಗಲ್ಲ ಮೇಡಂ. ಆದ್ರೆ ನೀವು ಬಂದು ಮಾತಾಡಿದ್ರೆ, ಮೇಲಿನವರು ನಿಮ್ಮ ಫೈಲನ್ನ ಇನ್ನೊಂದು ಸಲ ನೋಡಬಹುದು."

ಅವರು ಹೋದ ಮೇಲೆ ಯಜಮಾನರು ನಿಲ್ದಾಣದ ಕಡೆಗೇ ನೋಡುತ್ತ, "ಇವಳೇ, ನನ್ನ ಎದೆಗೋಸ್ಕರ ನಿನ್ನ ನಾಲಿಗೆ ಅಡ ಇಡಬೇಡ" ಎಂದರು.

"ನಾಲಿಗೆ ನನ್ನದು. ಎಲ್ಲಿ ಬೇಕಾದ್ರೂ ಇಡ್ತೀನಿ" ಎಂದೆ.

ಅವರು ಸಭೆಗೆ ಬರುವುದಿಲ್ಲ ಎಂದರು. ಬರಬೇಡಿ ಎಂದು ನಾನೂ ಹೇಳಿದೆ. ನಾನು ಸುಳ್ಳು ಓದುವುದನ್ನು ಅವರು ಕೇಳಬಾರದೆಂಬುದೇ ನನಗೂ ಬೇಕಿತ್ತು.

ತಮ್ಮ ಕಚೇರಿಯಿಂದ ಬಂದ ಭಾಷಣದ ಬಗ್ಗೆ ಎರಡು ಮಾತು. ಭಾಷೆ ಚೆನ್ನಾಗಿತ್ತು. ನನ್ನ ಬಾಯಿಂದ "ಸುಸ್ಥಿರ" ಎಂಬ ಪದ ಅದುವರೆಗೆ ಹೊರಟಿರಲಿಲ್ಲ. ಅಂಗಡಿಯಲ್ಲಿ ಕೋಟುಗಳ ಮುಂದೆ ನಿಂತು ಓದಿ ಅಭ್ಯಾಸ ಮಾಡಿದೆ; ಒಂದು ಕೋಟೂ ಆಕ್ಷೇಪಿಸಲಿಲ್ಲ.

ಸಭೆ ನಡೆದದ್ದು ಸರ್ಕಾರಿ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ "ಸಮಿತಿ ಸದಸ್ಯರಿಗೆ ಮಾತ್ರ" ಎಂಬ ಚೀಟಿ ಅಂಟಿಸಿದ್ದರು. ಉದ್ದನೆಯ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ಮಧ್ಯದಲ್ಲಿ ಸಮಿತಿಯ ಅಧ್ಯಕ್ಷೆ, ತಲೆ ನರೆತ ಗಟ್ಟಿ ಹೆಂಗಸು, ಎದುರಿಗೆ ಒಬ್ಬರ ಹಿಂದೊಬ್ಬರಾಗಿ ಸಾಕ್ಷಿ ಹೇಳಲು ಬಂದವರು. ತಮ್ಮ ಕಡೆಯ ಛಾಯಾಗ್ರಾಹಕ ಮೊದಲ ಸಾಲಿನಲ್ಲೇ ಇದ್ದ. ಮಸೂದೆ ಬಂದರೆ ಕಂಪನಿಗಳು ಮುಚ್ಚುತ್ತವೆ, ಜನ ಬೀದಿಗೆ ಬೀಳುತ್ತಾರೆ ಎಂದು ನನಗಿಂತ ಮುಂಚೆ ಮಾತನಾಡಿದ ತಮ್ಮ ಅರ್ಥಶಾಸ್ತ್ರಜ್ಞರು ಬೆವರು ಒರೆಸಿಕೊಂಡು ಕುಳಿತರು. ಆಮೇಲೆ ನನ್ನನ್ನು ಕರೆದರು.

ನಾನು ಓದಲು ಶುರು ಮಾಡಿದೆ. ಮೊದಲ ಪುಟ ಸರಾಗವಾಗಿ ಮುಗಿಯಿತು. ಎರಡನೆಯ ಪುಟದ ಮೇಲ್ತುದಿಯಲ್ಲೇ ಇತ್ತು ಆ ವಾಕ್ಯ. "ನಮ್ಮ ಕುಟುಂಬ ಎಂದೂ ಆಸ್ಪತ್ರೆಯ" ಎನ್ನುವಷ್ಟರಲ್ಲಿ ಹಿಂಬದಿಯ ಬಾಗಿಲು ತೆರೆಯಿತು. ಯಜಮಾನರು. ಡಿಪೋದ ಸಮವಸ್ತ್ರ ಹಾಕಿಕೊಂಡಿದ್ದರು. ರಜೆಯ ಮೇಲೆ ಹೋದ ಮೇಲೆ ಅದನ್ನು ಹಾಕಿರಲಿಲ್ಲ. ಮೂರು ಮಹಡಿ ಹತ್ತಿ ಬಂದಿದ್ದರು. ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ, ಏನೂ ಆಗಿಲ್ಲ ಎನ್ನುವಂತೆ ಕೈ ಎತ್ತಿದರು. ಎತ್ತಿದ ಕೈಯನ್ನು ಪಕ್ಕದ ಕುರ್ಚಿಯ ಬೆನ್ನಿಗೆ ಇಡಲು ಹೋದರು, ಕುರ್ಚಿ ಸಿಗಲಿಲ್ಲ.

ಅವರು ಬಿದ್ದ ಸದ್ದು ದೊಡ್ಡದೇನಲ್ಲ. ಒದ್ದೆ ಕಂಬಳಿಯ ಗಂಟನ್ನು ನೆಲಕ್ಕೆ ಹಾಕಿದ ಹಾಗೆ. ನಾನು ಮೈಕಿನ ಮುಂದೆ ಇನ್ನೂ ಕಾಗದ ಹಿಡಿದೇ ನಿಂತಿದ್ದೆ. ತಮ್ಮ ಛಾಯಾಗ್ರಾಹಕ ಕ್ಲಿಕ್ಕಿಸಿದ್ದು ಆಗಲೇ ಎಂದು ಕಾಣುತ್ತದೆ. ವರದಿಯ ಚಿತ್ರದಲ್ಲಿ ನನ್ನ ಕಣ್ಣು ದೂರದಲ್ಲೆಲ್ಲೋ ನೆಟ್ಟಿರುವುದನ್ನು ತಾವು ಭವಿಷ್ಯದ ಭರವಸೆಯೆಂದು ಓದಿಕೊಂಡಿರಬಹುದು.

ಎಲ್ಲರಿಗಿಂತ ಮೊದಲು ಓಡಿದವರು ತಮ್ಮ ಸಂಪರ್ಕಾಧಿಕಾರಿ. ಕೋಟು ಕಳಚಿ ಯಜಮಾನರ ತಲೆಯ ಅಡಿಗಿಟ್ಟರು. ಅಧ್ಯಕ್ಷೆ ಮೇಜು ಸುತ್ತಿ ಬಂದು, ಲಿಫ್ಟಿನ ಬಾಗಿಲಿನ ಚೀಟಿಯನ್ನು ತಾವೇ ಹರಿದು, ಒಳಗೆ ಹಾಕಿ ಇವರನ್ನ ಎಂದರು. ತಮ್ಮ ಅಧಿಕಾರಿ ಒಂದು ಕಡೆ, ತಮ್ಮ ಅರ್ಥಶಾಸ್ತ್ರಜ್ಞರು ಇನ್ನೊಂದು ಕಡೆ ಹಿಡಿದು ಎತ್ತಿದರು. ಅದನ್ನು ನಾನು ಮರೆಯುವುದಿಲ್ಲ, ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಆಸ್ಪತ್ರೆಯಲ್ಲಿ ಯಜಮಾನರನ್ನು ಒಳಗೆ ಕರೆದೊಯ್ದ ಕೂಡಲೇ ಕೌಂಟರಿನ ಹೆಂಗಸು ವಿಮೆ ಇದೆಯೇ ಎಂದು ಕೇಳಿದಳು. ಇದೆ ಎನ್ನಲೇ, ಇಲ್ಲವೆನ್ನಲೇ ಎಂದು ನಾನು ತಡವರಿಸುತ್ತಿದ್ದಾಗ ತಮ್ಮ ಅಧಿಕಾರಿ, ಇದೆ, ನಮ್ಮದೇ ಕಂಪನಿ, ನಾನೇ ಮಾತಾಡುತ್ತೇನೆ ಎಂದು ಧೈರ್ಯವಾಗಿ ತಮ್ಮ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದರು. ಸಭೆಯ ಗದ್ದಲದಲ್ಲಿ ಕಚೇರಿಯ ನೇರ ಸಂಖ್ಯೆಗಳಲ್ಲಿ ಯಾರೂ ಫೋನು ಎತ್ತುತ್ತಿರಲಿಲ್ಲವಂತೆ. ತಮ್ಮ ಕರೆ ನಮಗೆ ಅತ್ಯಮೂಲ್ಯ ಎಂದು ಯಂತ್ರ ಹೇಳಿತು. ಸಂಗೀತ ಬಂತು. ಮತ್ತೆ ಅಮೂಲ್ಯ, ಮತ್ತೆ ಸಂಗೀತ. ನಾವು ಅದನ್ನು ಎಷ್ಟೋ ಸಲ ಕೇಳಿದ್ದೇವೆ, ನಮ್ಮ ಅತ್ತೆಗೆ ಆ ರಾಗ ಬಾಯಿಪಾಠ. ತಮ್ಮ ಅಧಿಕಾರಿಗೆ ಮಾತ್ರ ಹೊಸದು. ಅವರ ಮುಖ ನೋಡನೋಡುತ್ತ ಇಳಿಯಿತು. ಕೊನೆಗೆ ಯಾರೋ ಎತ್ತಿದರು. ಗಾಬರಿಯಲ್ಲಿ ಫೋನಿನ ಸದ್ದನ್ನು ಹೆಚ್ಚಿಸಿದ್ದರಿಂದ ನನಗೂ ಕೇಳಿಸಿತು.

"ನಾನು ಕಣೋ, ನಿನ್ನ ಪಕ್ಕದ ಸೀಟಿನವನು" ಎಂದರು ಇವರು.

"ಗೊತ್ತಾಯ್ತು. ಆದ್ರೂ ಗ್ರಾಹಕ ಸಂಖ್ಯೆ ಹೇಳಬೇಕು" ಎಂದಿತು ಆ ಕಡೆ.

ತಮ್ಮ ಸಂಸ್ಥೆಯ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿಲ್ಲ. ಕಾಯುತ್ತಿರುವಾಗ ಆ ಹುಡುಗ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ಕೇಳದೆಯೇ ಒಂದು ವಿಷಯ ಹೇಳಿದರು: ತಮ್ಮ ಕಂಪನಿಯ ನೌಕರರಿಗೆ ಆರೋಗ್ಯ ವಿಮೆ ಮಾಡಿಸಿರುವುದು ತಮ್ಮಲ್ಲಲ್ಲ, ಬೇರೆ ಕಂಪನಿಯಲ್ಲಿ. ಅದು ಗುಟ್ಟಲ್ಲವಂತೆ, ನೌಕರಿಗೆ ಸೇರುವವರಿಗೆಲ್ಲ ಕೊಡುವ ಕೈಪಿಡಿಯಲ್ಲೇ ಇದೆಯಂತೆ. ಅದುವರೆಗೆ ಅವರಿಗೆ ಅದು ವಿಚಿತ್ರವೆನಿಸಿರಲಿಲ್ಲವಷ್ಟೇ. ಇದನ್ನು ಟೀಕೆಯೆಂದು ತಿಳಿಯಬಾರದು. ಹೋಟೆಲಿನವನು ಮನೆಯಿಂದ ಬುತ್ತಿ ತರುವುದು ಅವನ ಆಯ್ಕೆಯ ಸ್ವಾತಂತ್ರ್ಯ.

ಅನುಮತಿ ಬಂತು, ಮಾನ್ಯರೇ. ಸಂಜೆಯೊಳಗೇ ಬಂತು. ಮುಂಚೆಯೇ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗೆ ಹುಟ್ಟಿನ ಕವಾಟ ಅಡ್ಡ ಬರುತ್ತದೆಯಂತೆ; ಪ್ರಜ್ಞೆ ತಪ್ಪಿ ತುರ್ತು ಸ್ಥಿತಿಯಲ್ಲಿ ಬಂದವರಿಗೆ ಅದೇ ಕವಾಟ ಅಡ್ಡ ಬರುವುದಿಲ್ಲವಂತೆ. ನಿಯಮ ಅಷ್ಟು ಸರಳ. ತಿಂಗಳುಗಟ್ಟಲೆ ಕುರ್ಚಿಯಲ್ಲಿ ಜೋಪಾನ ಮಾಡಿ ಕೂರಿಸಿ, ಬೀಳದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ನಾನೇ ದಡ್ಡಿ. ಇದನ್ನು ಪಾಲಿಸಿಯ ಮೊದಲ ಪುಟದಲ್ಲೇ, "ಪರಿಹಾರ ಬಯಸುವವರು ದಯವಿಟ್ಟು ಮೊದಲು ಬೀಳತಕ್ಕದ್ದು" ಎಂದು ದಪ್ಪಕ್ಷರದಲ್ಲಿ ಹಾಕಿಸಿದರೆ ಗ್ರಾಹಕರಿಗೆ ಬಹಳ ಅನುಕೂಲವಾಗುತ್ತದೆ. ಪ್ರತಿ ಶಾಖೆಯಲ್ಲೂ ಕಡಿದಾದ ಒಂದು ಮೆಟ್ಟಿಲಸಾಲು, ಕೆಳಗೊಂದು ಮೆತ್ತನೆಯ ಹಾಸು, ಬಿದ್ದದ್ದನ್ನು ದೃಢೀಕರಿಸಲು ಒಬ್ಬ ಗುಮಾಸ್ತರನ್ನು ಇಡಿಸಬೇಕೆಂದು ಸವಿನಯ ಪ್ರಾರ್ಥನೆ. ಜೊತೆಗೆ, ಇನ್ನೂ ಹುಟ್ಟದ ಮಕ್ಕಳು ಗರ್ಭದಿಂದಲೇ ತಮ್ಮ ಅಂಗಾಂಗಗಳ ವಿವರ ಸಲ್ಲಿಸಲು ಒಂದು ಸಹಾಯವಾಣಿ ತೆರೆದರೆ, ನಮ್ಮ ಯಜಮಾನರು ಮಾಡಿದಂಥ ವಂಚನೆ ಮುಂದಿನ ಪೀಳಿಗೆಯಲ್ಲಿ ನಡೆಯದು.

ಹೊಸ ಕವಾಟ ಹಾಕಿದರು. ಡಾಕ್ಟರಮ್ಮ ಹೊರಗೆ ಬಂದು ಮುಖಗವಸು ಇಳಿಸಿ, ಬದುಕಿದ್ದಾರೆ ಎಂದರು. ನಾನು ಕೈ ಮುಗಿದೆ. ಅವರು ಹೋಗದೆ ಅಲ್ಲೇ ನಿಂತರು. "ಕವಾಟ ಚೆನ್ನಾಗಿ ಕೂತಿದೆ. ಆದ್ರೆ ಇಷ್ಟು ದಿನ ತಳ್ಳಿ ತಳ್ಳಿ ಹೃದಯದ ಸ್ನಾಯು ಸೋತಿದೆ. ನಾನು ಮೊದಲು ಹೇಳಿದಾಗಲೇ ಆಗಿದ್ರೆ ಇವರು ಬಸ್ಸಿಗೆ ವಾಪಸು ಹೋಗ್ತಿದ್ರು. ಈಗ ಆಗಲ್ಲಮ್ಮ" ಎಂದರು. ಅದನ್ನು ಯಜಮಾನರಿಗೆ ಯಾರು ಹೇಳಬೇಕೆಂಬ ಮಾತು ಬಂದಾಗ, ನಾಲಿಗೆ ನನ್ನದು ಎಂದಿದ್ದೆನಲ್ಲ, ನಾನೇ ಹೇಳಿದೆ. ಅವರು, ಹಾಗಾದರೆ ಸಮವಸ್ತ್ರ ಡಿಪೋಗೆ ವಾಪಸು ಕೊಡಬೇಕಾಗುತ್ತೆ, ಒಗೆದಿಡು ಎಂದರು. ನಾನು ಒಗೆದೆ. ನನ್ನ ಕಸುಬಿನಲ್ಲಿ ಅಷ್ಟು ನಿಧಾನವಾಗಿ ಇನ್ನಾವ ಬಟ್ಟೆಗೂ ಇಸ್ತ್ರಿ ಹಾಕಿಲ್ಲ.

ಡಿಪೋದವರು ಒಳ್ಳೆಯವರು. ಈಗ ಅವರಿಗೆ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ. ಛತ್ರಿ, ಬುತ್ತಿ ಡಬ್ಬಿ, ಮಕ್ಕಳ ಒಂಟಿ ಶೂ. ಒಮ್ಮೆ ಯಾರೋ ಹಲ್ಲಿನ ಸೆಟ್ಟನ್ನೇ ಮರೆತು ಹೋಗಿದ್ದರಂತೆ, ಹುಡುಕಿಕೊಂಡು ಬಂದವರು ಮಾತಾಡಿದ ರೀತಿಯಲ್ಲೇ ಇವರಿಗೆ ಗೊತ್ತಾಯಿತಂತೆ. ಮನೆಗೆ ಬಂದು ಇವನ್ನೆಲ್ಲ ಹೇಳಿ ಅತ್ತೆಯನ್ನು ನಗಿಸುತ್ತಾರೆ. ಆದರೆ ನಾವಿಬ್ಬರೂ ಎಲ್ಲಿಗಾದರೂ ಬಸ್ಸಿನಲ್ಲಿ ಹೋಗುವಾಗ, ತಿರುವು ಬಂದಲ್ಲೆಲ್ಲ ಅವರ ಬಲಗಾಲು ಮೆಲ್ಲಗೆ ನೆಲ ಒತ್ತುತ್ತದೆ. ಅದನ್ನು ನಾನು ನೋಡಿಲ್ಲವೆಂದು ಅವರು ತಿಳಿದಿದ್ದಾರೆ. ನಾನು ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.

ಈಗ ಮಸೂದೆಯ ವಿಷಯ. ಸಭೆಯಲ್ಲಿ ನಡೆದದ್ದು ಒಂದೆರಡು ದಿನ ಸುದ್ದಿಯಾಯಿತು; ಆಮೇಲೆ ತಮ್ಮವರ ಓಡಾಟವೇ ಹೆಚ್ಚಾಯಿತೆಂದು ಕೇಳಿದ್ದೇನೆ. "ಚಿಕಿತ್ಸೆಗೆ ಖರ್ಚು ಮಾಡತಕ್ಕದ್ದು" ಎಂದಿದ್ದದ್ದು "ಖರ್ಚು ಮಾಡಲು ಸಾಧ್ಯವಾದ ಮಟ್ಟಿಗೆ ಪ್ರಯತ್ನಿಸಬಹುದು" ಎಂದು ಬದಲಾಗಿದೆಯಂತೆ. ಇಷ್ಟು ಮಾತ್ರದ ಒಂದು ಕ್ರಿಯಾಪದವನ್ನು ಒಗೆದು, ಹಿಂಡಿ, ಅದರ ಬಣ್ಣವನ್ನೇ ಬಿಡಿಸಿದ ತಮ್ಮ ಕಾನೂನು ವಿಭಾಗದವರಿಗೆ ನನ್ನ ಅಂಗಡಿಯಲ್ಲಿ ಯಾವಾಗ ಬಂದರೂ ಕೆಲಸವಿದೆ. ಆದರೆ ಅಧ್ಯಕ್ಷೆ ಅದಕ್ಕೆ ಸಹಿ ಹಾಕಲು ಒಪ್ಪದೆ, ಇನ್ನೊಂದು ಸಭೆ ಕರೆದಿದ್ದಾರೆ. ಸಾಕ್ಷಿಗಳ ಪೈಕಿ ನನ್ನನ್ನೂ ಕರೆದಿದ್ದಾರೆ. ತಮ್ಮಲ್ಲಿ ಬಹಳ ಕೆಲಸವಿರುವುದರಿಂದ ಭಾಷಣ ಬರೆದುಕೊಡುವ ಶ್ರಮ ತೆಗೆದುಕೊಳ್ಳಬೇಡಿ. ಈ ಸಲ ಯಜಮಾನರು ನನ್ನ ಪಕ್ಕದಲ್ಲೇ ಕೂರುತ್ತಾರೆ. ನಾನು ಏನು ಹೇಳುತ್ತೇನೆಂದು ಅವರು ಕೇಳಲಿಲ್ಲ. ಏನು ಹೇಳಬಾರದೆಂದು ನಾನೂ ಯೋಚಿಸಿಲ್ಲ.

ತಮ್ಮ ಸಂಪರ್ಕಾಧಿಕಾರಿಯ ಬಗ್ಗೆ ಒಂದು ಬೇಡಿಕೆ. ಆ ದಿನ ಅವರು ಕಂಪನಿಯ ಸಮಯದಲ್ಲಿ, ಕಂಪನಿಯ ಸಂಬಳದಲ್ಲಿ, ಕಂಪನಿಯ ಗ್ರಾಹಕರೊಬ್ಬರ ಜೀವ ಉಳಿಸಿದರು. ಇದು ನಿಯಮಕ್ಕೆ ವಿರುದ್ಧವೋ ಏನೋ ನನಗೆ ತಿಳಿಯದು. ವಿರುದ್ಧವಾಗಿದ್ದರೆ ದಯವಿಟ್ಟು ಅದನ್ನು ಅವರ ಹುಟ್ಟಿನಿಂದ ಬಂದ ದೋಷವೆಂದು ಪರಿಗಣಿಸಿ ಕ್ಷಮಿಸಬೇಕು.

ಕೊನೆಯದಾಗಿ, ಇದನ್ನೆಲ್ಲ ಓದಿ ನಾವು ತಮ್ಮನ್ನು ಬಿಟ್ಟು ಹೋಗುತ್ತೇವೆಂದು ತಾವು ಕಳವಳಪಡಬಾರದು. ನಮ್ಮ ಆಯ್ಕೆಯ ಸ್ವಾತಂತ್ರ್ಯವನ್ನು ಬಳಸಿ ಬೇರೆ ಕಂಪನಿಗಳ ಬಾಗಿಲನ್ನೂ ತಟ್ಟಿ ನೋಡಿದೆ. ರಿಪೇರಿಯಾದ ಹೃದಯವನ್ನು ಹೊಸದಾಗಿ ಯಾರೂ ಸೇರಿಸಿಕೊಳ್ಳುವುದಿಲ್ಲವಂತೆ. ಆದ್ದರಿಂದ ಇಂದು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ತಮ್ಮ ಶಾಖೆಗೆ ಹೋಗಿ, ಸಾಲಿನಲ್ಲಿ ನಿಂತು, ಈ ವರ್ಷದ ಕಂತು ಕಟ್ಟಿ ಬಂದೆ. ಹೋದ ವರ್ಷಕ್ಕಿಂತ ಹೆಚ್ಚಾಗಿದೆ. ರಸೀದಿ ಕೊಟ್ಟ ಹುಡುಗಿ, ನಮ್ಮನ್ನು ಆಯ್ಕೆ ಮಾಡಿದ್ದಕ್ಕೆ ಧನ್ಯವಾದಗಳು ಎಂದಳು.

ಇತಿ,
ಬೇರೆ ಯಾರೂ ಸೇರಿಸಿಕೊಳ್ಳದ ಕಾರಣ ಇನ್ನೂ
ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಬಸ್ ನಿಲ್ದಾಣದ ಎದುರಿನ ಡ್ರೈಕ್ಲೀನಿಂಗ್ ಅಂಗಡಿಯವಳು

ಮರೆತ ಮಾತು: ಈ ಲಕೋಟೆಗೆ ಅಂಚೆಚೀಟಿ ಹಚ್ಚಿಲ್ಲ. ಅಂಚೆಯವರು ಕೇಳುವ ದಂಡವನ್ನು ಸದ್ಯಕ್ಕೆ ತಾವೇ ಭರಿಸಿ, ಮೂಲ ರಸೀದಿ, ಲಕೋಟೆಯ ಮೂರು ಪ್ರತಿ ಹಾಗೂ ಪತ್ರ ಓದುವ ಮೊದಲು ತಮಗೆ ಯಾವ ತಲೆನೋವೂ ಇರಲಿಲ್ಲವೆಂಬ ವೈದ್ಯರ ದೃಢೀಕರಣದೊಂದಿಗೆ ನನ್ನ ಅಂಗಡಿಗೆ ಅರ್ಜಿ ಸಲ್ಲಿಸಬೇಕು. ಸಹಾನುಭೂತಿಯಿಂದ ಪರಿಶೀಲಿಸುತ್ತೇನೆ.